ಒಂದು ಚುಕ್ಕಿಯ ಡಬ್ಬ

ನಮ್ಮ ಮನೆಯವರು ತಿರುಮಲೇಶ್ ಅಳತೆಯ ಮನುಷ್ಯ. ಫ್ರೀಮಾಂಟಿನಲ್ಲಿ ವೈದ್ಯಕೀಯ ಉಪಕರಣ ಮಾಡುವ ಒಂದು ಕಂಪನಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾರೆ. ಬೆಳಿಗ್ಗೆ ಐದೂವರೆಗೆ ನಾವಿರುವ ಗಿಲ್‌ರಾಯ್ ಬಿಟ್ಟರೆ ಸಂಜೆ ಆರೂವರೆಗೆ ವಾಪಸ್ಸು. ದಿನವಿಡೀ ಕೂದಲೆಳೆಗಿಂತ ಸಣ್ಣ ವಸ್ತುಗಳನ್ನು ಅಳೆಯುತ್ತಾರೆ, ಮನೆಗೆ ಬಂದು ನನ್ನ ಅಡುಗೆ ನೋಡಿ ನಿಟ್ಟುಸಿರು ಬಿಡುತ್ತಾರೆ. ನನ್ನದೆಲ್ಲ ಕೈಯಂದಾಜು. ಉಪ್ಪು ಎಷ್ಟು ಹಾಕಿದೆ ಎಂದರೆ ಎಷ್ಟು ಬೇಕೋ ಅಷ್ಟು. ಮದುವೆಯಾದ ಹೊಸತರಲ್ಲಿ ಹುಳಿಪುಡಿಯ ಅಳತೆ ಬರೆದುಕೊಳ್ಳಲು ಪುಸ್ತಕ ಹಿಡಿದು ಒಲೆಯ ಪಕ್ಕ ನಿಂತಿದ್ದರು. ಮೂರು ದಿನ ಮೂರು ಥರ ಹಾಕಿದ್ದನ್ನು ನೋಡಿ ಪುಸ್ತಕ ಮುಚ್ಚಿಟ್ಟರು.

ಹನ್ನೆರಡು ವರ್ಷದ ಹಿಂದೆ ನಾವು ಈ ಮನೆಗೆ ಬಂದಾಗ ಒಂದು ಶನಿವಾರ ಉದ್ದನೆಯ ಪೆಟ್ಟಿಗೆಯೊಂದನ್ನು ತಂದು ಊಟದ ಮೇಜಿನ ಮೇಲಿಟ್ಟರು. ನಾನು ಕರ್ಟನ್ ರಾಡು ಎಂದುಕೊಂಡು ಖುಷಿಯಾಗಿ ಬಿಚ್ಚಿದೆ. ಒಳಗೆ ಬಂದೂಕು. ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದವಳು ಗೋಡೆಗೆ ಬಡಿದು ನಿಂತೆ. ಜಿರಳೆ ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವ ಮನುಷ್ಯ ಇವರು.

"ಕಾಲೇಜಲ್ಲಿ ಎನ್‌ಸಿಸಿಲಿದ್ದಾಗ ರೈಫಲ್ ಶೂಟಿಂಗಲ್ಲಿ ಮೆಡಲ್ ಬಂದಿತ್ತು ಕಣೆ. ಬರೀ ಕಾಗದಕ್ಕೆ ಹೊಡೆಯೋದು," ಎಂದರು.

"ಮೆಡಲ್ ಬಂದಿದ್ರೆ ಮೆಡಲ್ ಇಟ್ಕೊಳ್ರೀ, ಬಂದೂಕ ಯಾಕೆ?" ಎಂದೆ. ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ನನಗೇ ಹಸಿವಾಗಿ ಅನ್ನಕ್ಕಿಟ್ಟೆ. ಬಂದೂಕು ಉಕ್ಕಿನ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿತು. ಅದರ ಸುದ್ದಿಗೆ ನಾನು ಹೋಗಲಿಲ್ಲ.

ಆಮೇಲೆ ಅಂಗಡಿಯ ತೋಟಾ ಒಂದರಂತೆ ಒಂದಿಲ್ಲ ಎಂಬ ಕೊರಗು ಶುರುವಾಯಿತು. ಅಂಗಡಿಯ ಇಡ್ಲಿಹಿಟ್ಟು ಸರಿಯಿಲ್ಲವೆಂದು ನಾನು ಮನೆಯಲ್ಲೇ ರುಬ್ಬುವ ಹಾಗೆ ಇವರು ಗ್ಯಾರೇಜಿನಲ್ಲಿ ತೋಟಾ ಮಾಡತೊಡಗಿದರು. ಗುಂಡು ಹಾರಿದ ಮೇಲೆ ಹಿತ್ತಾಳೆಯ ಕೊಳವೆಯೊಂದು ಉಳಿಯುತ್ತದೆ, ಅದನ್ನು ಬ್ರಾಸು ಎನ್ನುತ್ತಾರೆ. ಆ ಖಾಲಿ ಬ್ರಾಸನ್ನು ಆಯ್ದು ತಂದು, ಪ್ರೆಸ್ಸಿನಲ್ಲಿ ಒತ್ತಿ ಮತ್ತೆ ಮೊದಲಿನ ಗಾತ್ರಕ್ಕೆ ತಂದು, ಬಾಯಿಯ ಹತ್ತಿರ ಉದ್ದ ಬೆಳೆದದ್ದನ್ನು ಕತ್ತರಿಸಿ, ಮತ್ತೆ ಮದ್ದು, ಗುಂಡು ತುಂಬುವುದು. ಬೆಂಚಿನ ಮೇಲೆ ಪ್ರೆಸ್ಸು, ಕತ್ತರಿಸುವ ಟ್ರಿಮ್ಮರು, ಅಳೆಯುವ ಕ್ಯಾಲಿಪರ್. ಬೆಂಚಿನ ಕೆಳಗೆ ನಾನು ತೊಳೆದಿಟ್ಟ ಮೊಸರಿನ ಡಬ್ಬಗಳು. ಅವುಗಳೊಳಗೆ ಬ್ರಾಸು.

ಹೀಗೆ ಹೇಳಿದರೆ ಹುಚ್ಚು ಎನ್ನಿಸಬಹುದು, ನನಗೂ ಎನ್ನಿಸಿತ್ತು. ಆದರೆ ಆ ಹುಚ್ಚಿನಿಂದ ನಮ್ಮ ಮಗಳು ಸಂಯುಕ್ತಾಗೆ ಅಪ್ಪ ಸಿಕ್ಕಿದ. ಇವರು ಮಾತಿಗೆ ಬಡವರು. ಅವಳು ಇಲ್ಲಿ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ. ಹದಿನೈದು ವರ್ಷ ಒಂದೇ ಸೂರಿನಡಿ ಇದ್ದೂ ಇಬ್ಬರೂ "ಊಟ ಆಯ್ತಾ" ದಾಟಿ ಮಾತಾಡಿದ್ದು ಕಡಿಮೆ. ಗುಂಡು ಹೊಡೆಯುವ ರೇಂಜಿಗೆ ಜೊತೆಯಾಗಿ ಹೋಗತೊಡಗಿದ ಮೇಲೆ ಕಾರಿನಿಂದ ಇಳಿಯುವಾಗ ಇಬ್ಬರೂ ನಗುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಸ್ವಲ್ಪ ಕಿಚ್ಚು ಏಳುತ್ತಿತ್ತು, ಸುಳ್ಳು ಹೇಳುವುದೇಕೆ. ಅವಳಿಗೀಗ ಇಪ್ಪತ್ಮೂರು. ಫ್ರೀಮಾಂಟಿನಲ್ಲಿ ಗೆಳತಿಯರ ಜೊತೆ ಅಪಾರ್ಟ್‌ಮೆಂಟಿನಲ್ಲಿದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ. ತಿಂಗಳಿಗೆರಡು ಸಲ ಬರುವುದು ನನ್ನ ಬಿಸಿಬೇಳೆಬಾತಿಗಲ್ಲ ಎಂದು ನನಗೆ ಗೊತ್ತು. ಅಪ್ಪ ಮಾಡಿದ್ದು ಬಿಟ್ಟು ಬೇರೆ ತೋಟಾವನ್ನು ಅವಳು ಮುಟ್ಟುತ್ತಿರಲಿಲ್ಲ. "ಅಪ್ಪಂದು ಪರ್ಫೆಕ್ಟ್ ಅಮ್ಮ," ಎನ್ನುತ್ತಿದ್ದಳು. ನನ್ನ ಯಾವ ಅಡುಗೆಗೂ ಆ ಮಾತು ಬಂದಿಲ್ಲ.

ಹೋದ ವರ್ಷ ಆಯುಧಪೂಜೆಯ ಹಿಂದಿನ ವಾರ ಇವರು ಆಫೀಸಿನ ಕೆಲಸದ ಮೇಲೆ ನಾಲ್ಕು ದಿನ ಹೊರಗೆ ಹೋಗಿದ್ದರು. ನಾನು ಮೈಸೂರಿನವಳು, ಆಯುಧಪೂಜೆ ಎಂದರೆ ಮನೆಯ ಕತ್ತರಿ ಚಾಕು ತುರಿಮಣೆಯೆಲ್ಲ ಫಳಫಳ ಹೊಳೆಯಬೇಕು. ದೇವರ ದೀಪ, ಹರಿವಾಣ, ಪಂಚಪಾತ್ರೆಯನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿಟ್ಟೆ. ಕಾರಿಗೆ ನಿಂಬೆಹಣ್ಣು ತೆಗೆದಿಟ್ಟೆ. ಗ್ಯಾರೇಜು ಗುಡಿಸುವಾಗ ಬೆಂಚಿನ ಕೆಳಗಿನ ಡಬ್ಬಗಳು ಕಣ್ಣಿಗೆ ಬಿದ್ದವು. ಮುಚ್ಚಳ ತೆಗೆದರೆ ಮಸಿ ಹಿಡಿದ ಹಿತ್ತಾಳೆ. ಹಿತ್ತಾಳೆ ಅಷ್ಟು ಕೊಳಕಾಗಿ ಬಿದ್ದಿರುವುದನ್ನು ನೋಡಿಕೊಂಡು ಹೇಗೆ ಸುಮ್ಮನಿರಲಿ?

ಮೂರು ಡಬ್ಬಗಳಿದ್ದವು. ಒಂದರ ಮೇಲೆ ಮಾರ್ಕರಿನಿಂದ ಒಂದು ಚುಕ್ಕಿ, ಇನ್ನೊಂದರ ಮೇಲೆ ನಾಲ್ಕು ಚುಕ್ಕಿ, ಮೂರನೆಯದರ ಮೇಲೆ ಒಂದು ಅಡ್ಡಗೆರೆ. ಇವರು ಪೆನ್ನಿನ ಮುಚ್ಚಳದ ಮೇಲೂ ಏನಾದರೂ ಬರೆಯುವವರು, ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಮೂರನ್ನೂ ದೊಡ್ಡ ಕೊಳಗಕ್ಕೆ ಸುರಿದು, ಬಿಸಿನೀರಿಗೆ ಹುಣಸೆಹಣ್ಣು ಕಿವುಚಿ ನೆನೆಹಾಕಿ, ಒಂದೊಂದನ್ನೇ ಉಜ್ಜಿದೆ. ಇನ್ನೂರಕ್ಕೆ ಮೇಲಿದ್ದವು. ಬೆರಳ ತುದಿ ಸುಕ್ಕಾಯಿತು. ಹಿತ್ತಿಲಲ್ಲಿ ಹಳೇ ಟವೆಲ್ಲಿನ ಮೇಲೆ ಎರಡು ದಿನ ಒಣಗಿಸಿದಾಗ ಬಂಗಾರದ ಹಾಗೆ ಹೊಳೆದವು. ಆಮೇಲೆ ಯಾವ ಡಬ್ಬದಲ್ಲಿ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಕೈಯಂದಾಜಿನಲ್ಲಿ ತುಂಬಿ, ಇದ್ದಲ್ಲೇ ಇಟ್ಟೆ. ಮೂವತ್ತು ವರ್ಷ ಅಡುಗೆ ಮಾಡಿದ ಕಣ್ಣು, ಅಳತೆ ಕೂದಲಷ್ಟೂ ತಪ್ಪಿರಲಿಲ್ಲ.

ಪೂಜೆಯ ದಿನ ಸಂಯುಕ್ತಾನೂ ಬಂದಿದ್ದಳು. ಊಟಕ್ಕೆ ಕೂತಾಗ ನಾನೇ ಹೆಮ್ಮೆಯಿಂದ ಹೇಳಿದೆ, ನಿಮ್ಮ ಬ್ರಾಸನ್ನೂ ತೊಳೆದಿಟ್ಟಿದ್ದೇನೆ, ಹೋಗಿ ನೋಡಿ ಎಂದು. ಇವರ ಕೈಯ ತುತ್ತು ಅರ್ಧಕ್ಕೆ ನಿಂತಿತು. ಹನ್ನೆರಡು ವರ್ಷ ಅದರ ಕಡೆ ತಲೆ ಹಾಕದವಳು ತೊಳೆದಿದ್ದಾಳೆಂದರೆ ಒಂದು ಒಳ್ಳೆಯ ಮಾತು ಬರುತ್ತದೆಂದು ಕಾದೆ.

"ಮೂರು ಡಬ್ಬದ್ದೂ ಮಿಕ್ಸ್ ಮಾಡಿಲ್ಲ ತಾನೆ?" ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬೆರಳು ಸುಕ್ಕಾಗುವಷ್ಟು ಉಜ್ಜಿದ್ದೇನೆ, ಕೇಳುವುದು ಇದನ್ನೇ? ಅದೂ ಮಗಳ ಎದುರಿಗೆ, ಆಫೀಸಿನಲ್ಲಿ ಕೆಳಗಿನವರನ್ನು ಕೇಳುವ ಧಾಟಿಯಲ್ಲಿ?

"ಇಲ್ಲಾರೀ. ಹೇಗಿತ್ತೋ ಹಾಗೇ ಇಟ್ಟಿದೀನಿ. ಅಷ್ಟೂ ಗೊತ್ತಾಗಲ್ವ ನನಗೆ?" ಎಂದೆ.

ಇವರ ಮುಖ ಅರಳಿತು. "ಥ್ಯಾಂಕ್ಸ್ ಕಣೆ. ಇಷ್ಟು ಚೆನ್ನಾಗಿ ನನಗೂ ತೊಳೆಯಕ್ಕೆ ಬರಲ್ಲ," ಎಂದು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು. ಸುಳ್ಳು ಹೇಳಿದೆನೆಂದು ನನಗೆ ಅನ್ನಿಸಲೇ ಇಲ್ಲ. ಹಿತ್ತಾಳೆ ಹಿತ್ತಾಳೆಯೇ ತಾನೆ, ಆ ಡಬ್ಬದಲ್ಲಿದ್ದರೇನು ಈ ಡಬ್ಬದಲ್ಲಿದ್ದರೇನು ಎಂದುಕೊಂಡು ಎಲೆ ಎತ್ತಿದೆ.

ಎರಡು ವಾರದ ಮೇಲೆ ಒಂದು ಶುಕ್ರವಾರ ಸಂಜೆ ಇವರು ಒಂದು ಚುಕ್ಕಿಯ ಡಬ್ಬದಿಂದ ನಲವತ್ತು ಬ್ರಾಸು ತೆಗೆದು ಮಗಳಿಗಾಗಿ ಸಿದ್ಧ ಮಾಡಿದರು. ಕಾಫಿ ಕೊಡಲು ಹೋದಾಗ ಕ್ಯಾಲಿಪರ್ ಹಿಡಿದು ಹುಬ್ಬು ಗಂಟಿಕ್ಕಿಕೊಂಡಿದ್ದರು.

"ಒಂದು ಚುಕ್ಕಿ ಅಂದ್ರೆ ಒಂದೇ ಸಲ ಹಾರಿರೋವು. ಕೆಲವು ಇಷ್ಟುದ್ದ ಬೆಳೀಬಾರ್ದಿತ್ತು," ಎಂದು ನನ್ನ ಕಡೆ ನೋಡಿ ನಕ್ಕರು. "ನಿನ್ನ ಹುಣಸೆಹಣ್ಣಿನ ಮಹಿಮೆ ಇರಬೇಕು."

ನಾನೂ ನಕ್ಕೆ. ಆಗಲಾದರೂ ಹೇಳಬಹುದಿತ್ತು. ಬಾಯಿಯವರೆಗೂ ಬಂದಿತ್ತು, ಕುಕ್ಕರ್ ಕೂಗಿತೆಂದು ಒಳಗೆ ಓಡಿದೆ. ಇವರು ಉದ್ದ ಬೆಳೆದದ್ದನ್ನೆಲ್ಲ ಟ್ರಿಮ್ಮರಿಗೆ ಕೊಟ್ಟು ಸಮ ಮಾಡಿದರು. ಸಮ ಮಾಡಿದ ಮೇಲೆ ಎಲ್ಲವೂ ಒಂದೇ ಥರ ಕಂಡವು.

ಮರುದಿನ ಬೆಳಿಗ್ಗೆ ಎಂಟಕ್ಕೇ ಸಂಯುಕ್ತಾ ಬಂದು, ಎರಡು ದೋಸೆ ತಿಂದು, ಬಂದೂಕಿನ ಚೀಲವನ್ನೂ ನಲವತ್ತು ತೋಟಾದ ಡಬ್ಬಿಯನ್ನೂ ತೆಗೆದುಕೊಂಡು ಹೊರಟಳು. ಇವರು ಹೋಗಲಿಲ್ಲ, ಸೊಂಟ ಹಿಡಿದುಕೊಂಡಿತ್ತು. ಹತ್ತು ಗಂಟೆಗೆ ನಾನು ಎರಡನೆಯ ಕಾಫಿ ತೆಗೆದುಕೊಂಡು ಗ್ಯಾರೇಜಿಗೆ ಹೋದರೆ ಬೆಂಚಿನ ಮುಂದೆ ಕೂತಿದ್ದರು. ಹೊಳೆಯುವ ಹಿತ್ತಾಳೆ ಕಂಡು ಇವರ ಮನಸ್ಸೂ ಮೃದುವಾಗಿತ್ತೆಂದು ಕಾಣುತ್ತದೆ. "ಬಾ ಇಲ್ಲಿ, ತೋರಿಸ್ತೀನಿ," ಎಂದು ಸ್ಟೂಲು ಎಳೆದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನಾನು ಅಲ್ಲಿ ಕೂತೆ.

ಒಂದು ಬ್ರಾಸಿಗೆ ಮೇಣದಂಥದ್ದನ್ನು ಸವರಿ, ಪ್ರೆಸ್ಸಿಗಿಟ್ಟು, ಹಿಡಿ ಎಳೆದರು. ಗುಂಡು ಹಾರುವಾಗ ಇದು ಊದಿಕೊಳ್ಳುತ್ತದೆ, ಒತ್ತಿ ಮತ್ತೆ ಸಣ್ಣ ಮಾಡಬೇಕು, ಒತ್ತಿದಾಗ ಉದ್ದವಾಗುತ್ತದೆ, ಹೆಚ್ಚಾದದ್ದನ್ನು ಕತ್ತರಿಸಬೇಕು ಎಂದರು. ಟ್ರಿಮ್ಮರಿನ ಹಿಡಿ ತಿರುಗಿಸಿದಾಗ ಹಿತ್ತಾಳೆಯ ಸಣ್ಣ ಎಳೆಗಳು ಕಾಗದದ ಮೇಲೆ ಉದುರಿದವು. ನನಗೆ ಅಡುಗೆಮನೆಯವಳ ಪ್ರಶ್ನೆ ಬಂತು.

"ಪ್ರತಿ ಸಲ ಕತ್ತರಿಸ್ತೀರಿ, ಪ್ರತಿ ಸಲ ಬೆಳೆಯತ್ತೆ. ಹಿತ್ತಾಳೆ ಎಲ್ಲಿಂದ ಬರತ್ತೆ ರೀ? ಇದ್ದಷ್ಟೇ ತಾನೆ ಇರೋದು?"

ಇವರು ನನ್ನನ್ನೇ ನೋಡಿದರು. ಇಂಥ ಸಂತೋಷವನ್ನು ಆ ಮುಖದಲ್ಲಿ ನಾನು ಮಗಳು ಹುಟ್ಟಿದ ದಿನ ನೋಡಿದ್ದೆ. ಡ್ರಾಯರಿನಿಂದ ಉದ್ದಕ್ಕೆ ಸೀಳಿದ ಒಂದು ಹಳೆಯ ಬ್ರಾಸನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು.

"ಇದೇ ಪ್ರಶ್ನೆ. ಯಾರೂ ಕೇಳಿಲ್ಲ ನನ್ನ. ಇಲ್ಲಿ ನೋಡು, ಬುಡದ ಹತ್ರ. ಇಲ್ಲಿಂದ ಬರತ್ತೆ."

ಬುಡದಿಂದ ಅರ್ಧ ಬೆರಳು ಮೇಲೆ, ಒಳಗೋಡೆ ಸುತ್ತಲೂ ಸವೆದು ಗೆರೆ ಬಿದ್ದಿತ್ತು. ಬೇರೆ ಕಡೆ ದಪ್ಪವಾಗಿದ್ದ ಹಿತ್ತಾಳೆ ಅಲ್ಲಿ ಕಾಗದದಷ್ಟು ತೆಳ್ಳಗಿತ್ತು.

"ಹೊರಗಿಂದ ಏನೂ ಕಾಣಲ್ಲ. ತಂತಿಯಲ್ಲಿ ಹುಡುಕಬೇಕು." ಪೇಪರ್ ಕ್ಲಿಪ್ಪನ್ನು ನೇರ ಮಾಡಿ ತುದಿ ಬಗ್ಗಿಸಿ ಚೂಪು ಮಾಡಿದ ತಂತಿಯೊಂದನ್ನು ತೋರಿಸಿದರು. "ಇದನ್ನ ಒಳಗೆ ಬಿಟ್ಟು ಎಳೆದ್ರೆ ಗೆರೆ ಇರೋ ಕಡೆ ತಡೆಯತ್ತೆ. ತಡೆದಿದ್ದನ್ನೆಲ್ಲ ಆ ಅಡ್ಡಗೆರೆ ಡಬ್ಬಕ್ಕೆ ಹಾಕಿಡ್ತೀನಿ. ಅದು ಗುಜರಿಗೆ. ಇಲ್ಲಿ ಗುಜರಿಯವನು ಬಾಗಿಲಿಗೆ ಬರಲ್ವಲ್ಲ, ತುಂಬಿದ ಮೇಲೆ ತೊಗೊಂಡ್ಹೋಗೋಣ ಅಂತ."

ಅಂಗೈ ಮೇಲಿದ್ದ ಸೀಳು ಬ್ರಾಸನ್ನು ಬೆಂಚಿನ ಮೇಲಿಟ್ಟೆ.

"ತಡೆದಿದ್ದನ್ನ ತುಂಬಿ ಹೊಡೆದ್ರೆ?"

"ಅಲ್ಲೇ ಎರಡು ತುಂಡಾಗತ್ತೆ. ಬೆಂಕಿಯಂಥ ಗ್ಯಾಸು ಹಿಂದಕ್ಕೆ ಬರತ್ತೆ. ಅದೃಷ್ಟ ಚೆನ್ನಾಗಿದ್ರೆ ಏನೂ ಆಗಲ್ಲ. ಇಲ್ದಿದ್ರೆ..." ಎಂದು ತಮ್ಮ ಬಲಗಣ್ಣಿನ ಹತ್ತಿರ ಕೈ ಆಡಿಸಿದರು. "ಕೆನ್ನೆ ಇಲ್ಲೇ ಒತ್ತಿಕೊಂಡಿರ್ತೀವಲ್ಲ."

ನಾನು ಏನನ್ನೂ ಯೋಚಿಸಲಿಲ್ಲ, ನಾಲಗೆ ತಾನೇ ಹೇಳಿತು. "ರೀ, ನಾನು ಮೂರನ್ನೂ ಒಂದೇ ಕೊಳಗಕ್ಕೆ ಸುರಿದೆ."

ಇವರು ನನ್ನ ಮುಖ ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೆಂದು ಒಂದು ಕ್ಷಣ ನಂಬಿದರು, ನಗು ಇನ್ನೂ ತುಟಿಯ ಮೇಲಿತ್ತು. ಬೈಯಲಿಲ್ಲ. ಒಂದು ಚುಕ್ಕಿಯ ಡಬ್ಬಕ್ಕೆ ಕೈ ಹಾಕಿ ಒಂದನ್ನು ತೆಗೆದು ತಂತಿ ಬಿಟ್ಟರು. ಸರಾಗವಾಗಿ ಬಂತು. ಎರಡನೆಯದೂ ಬಂತು. ಮೂರನೆಯದರಲ್ಲಿ ತಂತಿ ಟಕ್ಕೆಂದು ನಿಂತಿತು. ನಾನೇ ಉಜ್ಜಿ ಹೊಳೆಸಿದ ಬ್ರಾಸು ಅದು. ಅದನ್ನು ಬೆಂಚಿನ ಮೇಲಿಟ್ಟು ಕಾರಿನ ಕೀ ತೆಗೆದುಕೊಂಡರು.

ರೇಂಜು ಬೆಟ್ಟದ ಆಚೆ, ನಲವತ್ತು ನಿಮಿಷದ ದಾರಿ. ಮನೆಯ ಚಪ್ಪಲಿಯಲ್ಲೇ ಹತ್ತಿ ಕೂತೆ. ಫೋನು ಮಾಡಿದೆ, ಹೋಗಲಿಲ್ಲ. ಅಲ್ಲಿ ಸಿಗ್ನಲ್ಲಿಲ್ಲ ಎಂದು ನನಗೆ ಗೊತ್ತು, ಆದರೂ ಹದಿನೇಳು ಸಲ ಮಾಡಿದೆ. ಗಡಿಯಾರ ನೋಡಿದೆ, ಅವಳು ಅಲ್ಲಿ ಗುಂಡು ಹೊಡೆಯಲು ಕೂತು ಒಂದು ಗಂಟೆಯ ಮೇಲಾಗಿತ್ತು. ಊರಾಚೆಯ ಬೆಳ್ಳುಳ್ಳಿ ಹೊಲಗಳ ವಾಸನೆಗೆ ಕಾರಿನ ಗಾಜು ಏರಿಸಿದೆ. ಎಂದೂ ಸ್ಪೀಡ್ ಲಿಮಿಟ್ ದಾಟದ ಮನುಷ್ಯ ಅಂದು ದಾಟಿದರು. ಸೊಂಟ ನೋವೆಂದವರು ಒಂದು ಸಲವೂ ಅಲುಗಲಿಲ್ಲ. ಇವರು ಏನಾದರೂ ಅಂದುಬಿಡಲಿ, ನನ್ನ ವಂಶವನ್ನೆಲ್ಲ ಬೈಯಲಿ ಎಂದು ಹಾರೈಸಿದೆ. ನನ್ನ ಕಣ್ಣ ಮುಂದೆ ಸಂಯುಕ್ತಾಳ ಮುಖವೇ ಬರುತ್ತಿತ್ತು. ಹುಟ್ಟಿದಾಗ ಆ ಬಲಗಣ್ಣು ಮೂರು ದಿನ ತೆರೆದಿರಲಿಲ್ಲ. ನಾನು ಹೆದರಿ ಅತ್ತಿದ್ದೆ, ನರ್ಸು ನಕ್ಕಿದ್ದಳು.

ರೇಂಜಿನ ಬಾಗಿಲಲ್ಲಿ ಬಿಳಿಗಡ್ಡದ ದೊಡ್ಡ ಆಳೊಬ್ಬ ಅಡ್ಡ ನಿಂತ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇಲ್ಲದೆ ಯಾರನ್ನೂ ಬಿಡುವುದಿಲ್ಲವಂತೆ. ಒಳಗೆ ಢಂ ಎಂದಿತು. ನಾನು ಕಿರುಚಿದೆ. ಇನ್ನೊಂದು ಢಂ. ಯಾವುದು ಅವಳದು, ಯಾವುದು ಬೇರೆಯವರದು, ನನಗೇನು ಗೊತ್ತು? ಇವರು ಅವನಿಗೆ ಏನೋ ಹೇಳಿದರು. ಅವನ ಮುಖವೂ ಬದಲಾಯಿತು, ಕೈಯಲ್ಲಿದ್ದ ಮೈಕಿನಲ್ಲಿ "ಸೀಸ್ ಫೈರ್" ಎಂದು ಕೂಗಿದ. ಎಲ್ಲ ನಿಂತಿತು.

ಐದನೆಯ ಬೆಂಚಿನಲ್ಲಿ ಅವಳು ಬೆನ್ನು ತಿರುಗಿಸಿ ಕೂತಿದ್ದಳು. ಬಂದೂಕು ಬಾಯಿ ತೆರೆದು ಮೇಜಿನ ಮೇಲೆ ಮಲಗಿತ್ತು. ಅವಳ ಕೈಗಳು ಮಡಿಲಲ್ಲಿದ್ದವು. ನಾನು ಹೋಗಿ ಭುಜ ಹಿಡಿದು ತಿರುಗಿಸಿದೆ. ಕನ್ನಡಕದ ಬಲಗಾಜಿನ ಮೇಲೆ ಸಾಸಿವೆ ಸಿಡಿದ ಹಾಗೆ ಕಪ್ಪು ಚುಕ್ಕೆಗಳು. ಕೆನ್ನೆಯ ಮೇಲೆ ಒಂದು ಬೆರಳಗಲ ಕೆಂಪಗಾಗಿತ್ತು. ಕನ್ನಡಕ ತೆಗೆದೆ. ಎರಡು ಕಣ್ಣೂ ಇದ್ದವು, ಎರಡೂ ನನ್ನನ್ನು ಆಶ್ಚರ್ಯದಿಂದ ನೋಡುತ್ತಿದ್ದವು. ನಾನು ಆ ಸಿಮೆಂಟು ನೆಲದ ಮೇಲೇ ಕುಸಿದು ಕೂತೆ.

"ಅಮ್ಮ? ವೈ ಆರ್ ಯು ಹಿಯರ್?" ಎಂದವಳು ಅಪ್ಪನನ್ನು ಕಂಡು ಅಂಗೈ ಬಿಡಿಸಿದಳು. ಅರ್ಧ ಬ್ರಾಸು ಇತ್ತು, ಬುಡದ ತುಂಡು. ಮೇಲಿನ ತುಂಡು ಬಂದೂಕಿನೊಳಗೇ ಸಿಕ್ಕಿಕೊಂಡಿತ್ತು. "ಅಪ್ಪ, ಸೌಂಡು ಡಿಫರೆಂಟ್ ಇತ್ತು. ಸೋ ಐ ಸ್ಟಾಪ್ಡ್. ನೀನು ಹೇಳಿದ್ಯಲ್ಲ, ಏನಾದ್ರೂ ಡಿಫರೆಂಟ್ ಅಂದ್ರೆ ಸ್ಟಾಪ್ ಅಂತ." ಆಮೇಲೆ ತಡೆದು ತಡೆದು ಕೇಳಿದಳು. "ಡಿಡ್ ಯು ಚೆಕ್ ದೀಸ್?"

"ಇಲ್ಲ ಪುಟ್ಟ. ನನ್ನ ತಪ್ಪು," ಎಂದರು.

ಅವಳು ಅಪ್ಪನನ್ನು ಬೇರೆ ಯಾರನ್ನೋ ನೋಡುವ ಹಾಗೆ ನೋಡುತ್ತಿದ್ದಳು. "ಓಕೆ," ಎಂದಳು. "ನೆಕ್ಸ್ಟ್ ಟೈಮಿಂದ ಸ್ಟೋರ್ ಅಮೋ ತೊಗೋತೀನಿ." ಅಂಗಡಿಯ ತೋಟಾ! ಇವರು ತಲೆಯಾಡಿಸಿದರು. ಹೆಂಡತಿಯ ಹೆಸರನ್ನು ಎತ್ತಲೇ ಇಲ್ಲ, ಎತ್ತುವವರೂ ಅಲ್ಲ.

"ಅಪ್ಪನ ತಪ್ಪಲ್ಲ ಕಣೆ," ಎಂದೆ ನೆಲದಿಂದಲೇ. "ನಾನು ಎಲ್ಲಾ ಮಿಕ್ಸ್ ಮಾಡಿದ್ದೆ."

"ಬಟ್ ಅಪ್ಪ ಕೇಳಿದ್ರಲ್ಲ ಆ ದಿನ. ಐ ವಾಸ್ ದೇರ್. ನೀನು ಇಲ್ಲ ಅಂದೆ."

"ಸುಳ್ಳು ಹೇಳಿದೆ."

ಸುತ್ತ ಹತ್ತು ಹನ್ನೆರಡು ಜನ ನೋಡುತ್ತಿದ್ದರು. ಕನ್ನಡ ಬಾರದಿದ್ದರೂ ಅವರಿಗೆಲ್ಲ ಅರ್ಥವಾದ ಹಾಗಿತ್ತು. ಸಂಯುಕ್ತಾ ನನ್ನನ್ನು ಎಬ್ಬಿಸಲು ಕೈ ಚಾಚಲಿಲ್ಲ. ಅಪ್ಪನ ಪಕ್ಕಕ್ಕೆ ಹೋಗಿ ನಿಂತಳು. ಬಿಳಿಗಡ್ಡದವನೇ ನನ್ನ ತೋಳು ಹಿಡಿದು ಏಳಿಸಿದ.

ಅವಳು ತನ್ನ ಕಾರಿನಲ್ಲಿ ಮುಂದೆ ಹೋದಳು. ನಾವು ಹಿಂದೆ. ಬೆಟ್ಟ ಇಳಿಯುವಾಗ ನಾನು ತಡೆಯಲಾರದೆ ಕೇಳಿದೆ, ನಿಮಗೆ ಸಿಟ್ಟಿಲ್ಲವೇ, ಏನಾದರೂ ಅನ್ನಬಾರದೇ ಎಂದು.

"ಹನ್ನೆರಡು ವರ್ಷದಲ್ಲಿ ಅಷ್ಟೂ ಬ್ರಾಸಿಗೆ ತಂತಿ ಹಾಕಿ ನೋಡಿದೀನಿ ನಿರುಪಮಾ," ಎಂದರು. "ಹೊಸಾದನ್ನೂ ಬಿಟ್ಟಿಲ್ಲ. ಈ ನಲವತ್ತಕ್ಕೆ ಮಾತ್ರ ಹಾಕಲಿಲ್ಲ. ಉದ್ದ ಜಾಸ್ತಿ ಇದೆ ಅಂತ ಕಂಡ್ರೂ ಹಾಕಲಿಲ್ಲ. ನೀನು ಇಲ್ಲ ಅಂದಿದ್ಯಲ್ಲ."

ಇವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮನೆ ತಲುಪುವವರೆಗೂ ಅತ್ತೆ.

ಸಂಯುಕ್ತಾ ಎರಡು ತಿಂಗಳು ಬರಲಿಲ್ಲ. ಮೂರನೆಯ ತಿಂಗಳು ಬಂದು ಅಪ್ಪನ ಡಬ್ಬಿಯನ್ನೇ ತೆಗೆದುಕೊಂಡು ಹೋದಳು. ಹೊರಡುವಾಗ "ಅಮ್ಮ ಮುಟ್ಟಿಲ್ಲ ಅಲ್ವಾ?" ಎಂದು ಕೇಳಿದಳು. ನನ್ನೆದುರಿಗೇ ಕೇಳಿದಳು. ಕೇಳಲಿ, ಅದು ಅವಳ ಕಣ್ಣಿನ ವಿಷಯ.

ಈ ವರ್ಷದ ಆಯುಧಪೂಜೆಗೆ ಇವರಾಗಿಯೇ ಒಂದು ಚುಕ್ಕಿಯ ಡಬ್ಬವನ್ನು ಅಡುಗೆಮನೆಗೆ ತಂದಿಟ್ಟು, "ಮೊದಲು ಇದೊಂದೇ ತೊಳಿ, ಆಮೇಲೆ ಮಿಕ್ಕಿದ್ದು ತರ್ತೀನಿ," ಎಂದರು. ಹುಣಸೆಹಣ್ಣು ಕಿವುಚಿ ಒಂದೊಂದನ್ನೇ ಉಜ್ಜಿದೆ, ಎಣಿಸಿದೆ, ಒಣಗಿಸಿ ಅದೇ ಡಬ್ಬಕ್ಕೆ ತುಂಬಿ ಗ್ಯಾರೇಜಿಗೆ ಒಯ್ದು ಕೊಟ್ಟೆ.

"ಬೇರೆ ಯಾವುದೂ ಸೇರಿಲ್ಲ ತಾನೆ?"

"ಇಲ್ಲಾರೀ. ದೇವರಾಣೆ."

"ಸರಿ," ಎಂದರು. ಕನ್ನಡಕ ಹಾಕಿಕೊಂಡರು, ದೀಪ ಹತ್ತಿರಕ್ಕೆ ಎಳೆದುಕೊಂಡರು, ಮೊದಲ ಬ್ರಾಸನ್ನು ಎತ್ತಿಕೊಂಡು ಅದರೊಳಗೆ ತಂತಿ ಬಿಟ್ಟರು.